ಪೀರಪ್ಪನ ಹೆಸರಿನ ಓಟ

ಅಣವೀರನನ್ನು ಆರಿಸಿದ್ದೇ ಅವನು ಗೆಲ್ಲುವುದಿಲ್ಲ ಎಂಬ ಭರವಸೆಯ ಮೇಲೆ. ಆ ಭರವಸೆ ಅವನೇ ವರ್ಷಗಟ್ಟಲೆ ಓಡಿ ಗಳಿಸಿಕೊಟ್ಟದ್ದು. ನಲವತ್ತು ದಾಟಿದ ಗಂಡಸು, ಹಗಲೆಲ್ಲ ಫ್ಯಾಕ್ಟರಿಯಲ್ಲಿ ಸಿಮೆಂಟ್ ಚೀಲ ಹೊತ್ತು ಲಾರಿ ತುಂಬುವವನು, ಬೆಳಗಾದರೆ ಹಳೆಯ ಬೂಟು ಮೆಟ್ಟಿಕೊಂಡು ರಾವೂರಿನಿಂದ ವಾಡಿಯ ಕಡೆಗೆ ಓಡುತ್ತಿದ್ದ. ಮೊದಮೊದಲು ಜನ, ಇವನ ಮನೆಯಲ್ಲಿ ಯಾರೋ ಸತ್ತಿರಬೇಕು, ಇಲ್ಲವೆ ಇವನೇ ಏನೋ ಕದ್ದಿರಬೇಕು ಎಂದುಕೊಂಡರು. ಎರಡೂ ಅಲ್ಲವೆಂದು ಗೊತ್ತಾದಮೇಲೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿ ಸುಮ್ಮನಾದರು. ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲಿ ಯಾವ ಓಟವಿದ್ದರೂ ಹೋಗಿ ಹೆಸರು ಹಚ್ಚುತ್ತಿದ್ದ. ಎಲ್ಲ ಕಡೆಯೂ ಶರಬತ್ತು ಖಾಲಿಯಾಗಿ ಶಾಮಿಯಾನದ ಹಗ್ಗ ಬಿಚ್ಚುವ ಹೊತ್ತಿಗೆ ಬಂದು ಮುಟ್ಟುತ್ತಿದ್ದ. "ಅಣವೀರ ಬಂದ, ಇನ್ನ ಗೇಟ್ ಹಾಕ್ರಿ" ಎಂದು ಜೊತೆಯವರು ಚೇಷ್ಟೆ ಮಾಡಿದರೆ ಅವನೂ ನಗುತ್ತಿದ್ದ. ಒಳಗೆ ಮಾತ್ರ ಅವನಿಗೆ ನಗು ಬರುತ್ತಿರಲಿಲ್ಲ. ಮುಂದೆ ಹೋಗುವವರ ಬೆನ್ನು ಸಣ್ಣದಾಗುತ್ತ ಸಣ್ಣದಾಗುತ್ತ ಹೋಗುವುದನ್ನು ನೋಡಿದಾಗಲೆಲ್ಲ ಒಂದು ಬೆನ್ನನ್ನಾದರೂ ದಾಟಬೇಕು ಎನ್ನಿಸುತ್ತಿತ್ತು. ಈ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಲೋಡಿಂಗಿನ ಅವರ ಟೋಳಿಯಲ್ಲಿ ಹಿರಿಯನೆಂದರೆ ಪೀರಪ್ಪ. ಚೀಲವನ್ನು ಬೆನ್ನಿನ ಮೇಲೆ ಹೇಗೆ ಕೂರಿಸಿಕೊಂಡರೆ ನಡು ಉಳಿಯುತ್ತದೆ ಎಂದು ಅಣವೀರನಿಗೆ ಕಲಿಸಿದವನೇ ಅವನು. ಹೋದ ವರ್ಷ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಕಲಬುರಗಿಯ ದೊಡ್ಡ ದವಾಖಾನೆಗೆ ಹೋಗಿ ಮಷೀನಿನ ಪಕ್ಕದಲ್ಲಿ ಮಲಗಿ ರಕ್ತ ತೊಳೆಸಿಕೊಂಡರೆ ಜೀವ, ಇಲ್ಲವಾದರೆ ಇಲ್ಲ. ಅದರ ಖರ್ಚೆಲ್ಲ ಗುತ್ತೇದಾರ ತನ್ನ ಆಳುಗಳಿಗೆ ಮಾಡಿಸಿಕೊಟ್ಟ ವಿಮೆಯ ಕಾರ್ಡಿನ ಮೇಲೆ ನಡೆಯುತ್ತಿತ್ತು. ಆ ಕಾರ್ಡು ಗೇಟಿನಲ್ಲಿ ಹಾಜರಿ ಬೀಳುವ ತನಕ ಮಾತ್ರ ಜೀವಂತ. ಕೆಲಸಕ್ಕೆ ಬಾರದವನಿಗೆ ಕಾರ್ಡಿಲ್ಲ. ಕಾಯಿಲೆಗೆಂದು ಕೊಟ್ಟ ಕಾರ್ಡು ಕಾಯಿಲೆ ಬಿದ್ದ ಕೂಡಲೇ ನಿಲ್ಲಬೇಕೆಂದು ಕಾನೂನು ಮಾಡಿದವನ ತಲೆಯೊಳಗೆ ಏನಿತ್ತೋ ದೇವರೇ ಬಲ್ಲ.

ಟೋಳಿಯವರೆಲ್ಲ ಹೊಲಮನೆ ಕಂಡ ಜನ. ಹೊಲದಲ್ಲಿ ಒಬ್ಬನಿಗೆ ಮೈ ಸರಿಯಿಲ್ಲದಿದ್ದರೆ ಉಳಿದವರು ಮುಯ್ಯಾಳಾಗಿ ಹೋಗಿ ಅವನ ಕಳೆ ತೆಗೆದು ಬರುತ್ತಾರೆ, ನಾಳೆ ಅವನು ಇವರಿಗೆ ಬರುತ್ತಾನೆ. ಅದನ್ನೇ ಇವರು ಫ್ಯಾಕ್ಟರಿಯ ಗೇಟಿನೊಳಗೂ ತಂದರು. ತನ್ನ ಪಾಳಿ ಮುಗಿಸಿದವನೊಬ್ಬ ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಪೀರಪ್ಪನ ಪಾಸನ್ನು ಗೇಟಿನ ಮಷೀನಿಗೆ ತೋರಿಸಿ, ಮತ್ತೆ ಒಳಗೆ ಹೋಗಿ ಪೀರಪ್ಪನ ಪಾಲಿನ ಚೀಲ ಹೊರುವುದು. ಸಿಮೆಂಟಿನ ಧೂಳಿನಲ್ಲಿ ಎಲ್ಲರ ಮುಖಕ್ಕೂ ಒಂದೇ ಬಣ್ಣ, ಯಾರು ನೋಡುತ್ತಾರೆ? ಆಳುಗಳ ಮೇಲೆ ಕಣ್ಣಿಡಬೇಕಾದ ಮುಕಾದಮ ಮೆಹತಾಬ್‌ಗೆ ಎಲ್ಲ ಗೊತ್ತಿತ್ತು. ಅವನು ಆ ಹೊತ್ತಿಗೆ ಸರಿಯಾಗಿ ಬೀಡಿ ಸೇದಲು ಆಚೆ ಹೋಗುತ್ತಿದ್ದ. ಕೆಲಸವಂತೂ ಆಗುತ್ತಿದೆ, ಯಾರ ಗಂಟೂ ಹೋಗುತ್ತಿಲ್ಲ ಎಂದು ಟೋಳಿಯ ಲೆಕ್ಕ. ಫ್ಯಾಕ್ಟರಿಯ ಕಣ್ಣಿಗೆ ಇದಕ್ಕೆ ಬೇರೆಯೇ ಹೆಸರಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ ಅಷ್ಟೆ.

ಎಡವಟ್ಟಾದದ್ದು ಅವರ ನಿಯತ್ತಿನಿಂದಲೇ. ತಮ್ಮ ತಮ್ಮ ಪಾಳಿಗಳನ್ನು ಒಮ್ಮೊಮ್ಮೆ ತಪ್ಪಿಸಿದರೂ ಪೀರಪ್ಪನ ಪಾಳಿಯನ್ನು ಅವರು ಒಂದು ದಿನವೂ ತಪ್ಪಿಸಿರಲಿಲ್ಲ. ಮದುವೆ ಇರಲಿ, ಮಣ್ಣಿರಲಿ, ಪೀರಪ್ಪನ ಹಾಜರಿ ಬೀಳಲೇಬೇಕು. ಮಾರ್ಚಿನ ಸುರಕ್ಷತಾ ಸಪ್ತಾಹಕ್ಕೆ ಹತ್ತು ಕಿಲೋಮೀಟರಿನ ಓಟ ಇಟ್ಟ ಫ್ಯಾಕ್ಟರಿಯವರು, ಗುತ್ತಿಗೆ ಆಳುಗಳಲ್ಲಿ ಹಾಜರಿ ಚೆನ್ನಾಗಿರುವವರೆಲ್ಲ ಓಡಬೇಕೆಂದರು. ಲೋಡಿಂಗಿನಿಂದ ಮೊಟ್ಟಮೊದಲು ಬಂದ ಹೆಸರು ಹಾಸಿಗೆ ಹಿಡಿದ ಪೀರಪ್ಪನದು. ಹೆಸರು ಬಂದೂ ಓಡದವರನ್ನು ಕಂಪನಿಯ ಡಾಕ್ಟರು ಪರೀಕ್ಷೆ ಮಾಡುತ್ತಾರೆ ಎಂದೂ ಹೇಳಿದರು. ಡಾಕ್ಟರು ನೋಡಿದರೆ ಮುಗಿಯಿತು.

ಮೆಹತಾಬ್ ಟೋಳಿಯನ್ನು ಲಾರಿಯ ಮರೆಗೆ ಕರೆದ. "ಪೀರಪ್ಪನ ನಂಬರ್ ಹಾಕ್ಕೊಂಡು ಯಾರರ ಓಡಬೇಕು. ಜಲ್ದಿ ಓಡಾವ ಬ್ಯಾಡ, ನಡುವ ಬಿದ್ದು ಒದ್ದಾಡಾವನೂ ಬ್ಯಾಡ. ಸುಮ್ಮ ಹೋಗಿ ಸುಮ್ಮ ಬರಾವ ಬೇಕು."

ಎಲ್ಲರೂ ಅಣವೀರನನ್ನು ನೋಡಿ ನಕ್ಕರು. ಅವನೂ ನಕ್ಕ.

"ಗದ್ದಲದಾಗ ಓಡು, ಗದ್ದಲದಾಗ ಮುಗಿಸು. ಯಾರ ಕಣ್ಣಿಗೂ ಬೀಳಬ್ಯಾಡ ಭಾಯಿ" ಎಂದ ಮೆಹತಾಬ್. "ಪೀರಪ್ಪನ ಉಸಿರು ನಿನ್ನ ಕಾಲಾಗ ಅದ."

"ಯಾವತ್ತರ ನಾ ಯಾರ ಕಣ್ಣಿಗಿ ಬಿದ್ದೀನಿ?" ಎಂದ ಅಣವೀರ.

ಓಟದ ದಿನ ನಿತ್ರಾಣವಾಗಿ ಬಿದ್ದುಗಿದ್ದಾನೆಂದು ಹೆದರಿ ಟೋಳಿಯವರು ಆ ವಾರ ಅವನ ಪಾಲಿಗೆ ಬರುತ್ತಿದ್ದ ಪೀರಪ್ಪನ ಪಾಳಿಗಳನ್ನು ತಾವೇ ಹಂಚಿಕೊಂಡರು. ಒಂದು ವಾರ ಅಣವೀರ ಮನುಷ್ಯರ ಹಾಗೆ ಕೆಲಸ ಮಾಡಿ ಮನುಷ್ಯರ ಹಾಗೆ ಮಲಗಿದ. ಅಷ್ಟು ವರ್ಷ ಅವನು ಓಡಿದ್ದೆಲ್ಲ ಚೀಲ ಹೊತ್ತು ದಣಿದ ಮೈಯಿಂದ. ದಣಿವಿಲ್ಲದ ತನ್ನ ಕಾಲು ಹೇಗಿರುತ್ತದೆ ಎಂಬುದು ಅವನಿಗೇ ಗೊತ್ತಿರಲಿಲ್ಲ, ಇನ್ನು ಬೇರೆಯವರಿಗೆ ಎಲ್ಲಿಂದ ಗೊತ್ತಿರಬೇಕು?

ಹಿಂದಿನ ದಿನ ಅಕಾಲದ ಮಳೆ ಬಿದ್ದು ರಸ್ತೆಯ ಧೂಳು ಕೂತಿತ್ತು. ಮೋಡ ಇನ್ನೂ ಬಿಟ್ಟಿರಲಿಲ್ಲ. ನೂರಾರು ಜನ ಹಳದಿ ಬನಿಯನ್ನು ತೊಟ್ಟು ಫ್ಯಾಕ್ಟರಿಯ ಗೇಟಿನಿಂದ ಹೊರಟರು. ರಾವೂರು ದಾಟಿ, ಚಿತ್ತಾಪುರದ ರಸ್ತೆಯಲ್ಲಿ ಹಾಕಿದ್ದ ಕಮಾನು ಮುಟ್ಟಿ, ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಮೆಹತಾಬ್ ಹೇಳಿದ ಹಾಗೆ ಅಣವೀರ ಗದ್ದಲದ ನಡುವೆಯೇ ಇದ್ದ. ಆದರೆ ರಾವೂರು ಬರುವಷ್ಟರಲ್ಲಿ ಗದ್ದಲ ಅವನನ್ನು ಬಿಟ್ಟು ಹಿಂದೆ ಉಳಿಯತೊಡಗಿತು. ಅವನು ಜೋರು ಮಾಡಿದ್ದಿಲ್ಲ. ಎಂದಿನಂತೆಯೇ ಹೆಜ್ಜೆ ಹಾಕುತ್ತಿದ್ದ, ಹೆಜ್ಜೆಗಳು ತಾವಾಗಿ ಉದ್ದವಾಗುತ್ತಿದ್ದವು. ರಸ್ತೆಬದಿಯ ಪರ್ಸಿ ಕಲ್ಲಿನ ಗೋಡೆಗಳು, ಹಸಿರು ನೀರು ನಿಂತ ಹಳೆಯ ಖಣಿಗಳು, ಕಟಾವಾದ ತೊಗರಿಯ ಹೊಲಗಳು ಎಲ್ಲವೂ ಬೇಗ ಬೇಗ ಹಿಂದೆ ಸರಿದವು. ಪೀರಪ್ಪನ ಮನೆಗೆ ಹೋಗುವ ಓಣಿಯೂ ಸರಿಯಿತು.

ಕಮಾನಿನ ಹತ್ತಿರ ನಿಂತಿದ್ದ ಹುಡುಗಿ ಮುಟ್ಟಿದ ಗುರುತಿಗೆ ಅವನ ಕೈಗೆ ರಿಬ್ಬನ್ನು ಕೊಟ್ಟು, "ನಾಲ್ಕನೇದವ್ರು! ಭಾಳ ಛಲೋ ಓಡಾಕತ್ತೀರಿ, ಬಿಡಬ್ಯಾಡ್ರಿ!" ಎಂದು ಕೂಗಿದಳು. ಬದುಕಿನಲ್ಲಿ ಯಾರೂ ಅವನಿಗೆ ಹಾಗೆ ಕೂಗಿರಲಿಲ್ಲ.

ತಿರುಗಿ ಬರುವಾಗ ನೀರಿನ ಕಟ್ಟೆಯ ಹತ್ತಿರ ಮೆಹತಾಬ್ ನಿಂತಿದ್ದ. ಅಣವೀರನನ್ನು ನೋಡಿ ಅವನ ಕೈಯ ಗ್ಲಾಸು ಬಿತ್ತು. "ಏ ಹುಚ್ಚ, ಏನ್ ಮಾಡಾಕತ್ತೀ? ಸಾವಕಾಶ! ನಿಂದ್ರು, ನೀರು ಕುಡಿ!"

ಅಣವೀರನಿಗೆ ಕೇಳಿಸಿತು. ಅವನು ಲೆಕ್ಕವನ್ನೂ ಹಾಕಿದ. ಇನಾಮು ಮೂವರಿಗೆ ಮಾತ್ರ. ನಾಲ್ಕನೆಯವನನ್ನು ಯಾರು ಕೇಳುತ್ತಾರೆ? ನಾಲ್ಕನೆಯವನಾಗಿಯೇ ಇರುತ್ತೇನೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಆಸೆಯೂ ಉಳಿಯಿತು, ಪೀರಪ್ಪನೂ ಉಳಿದ ಎಂದು ಸಮಾಧಾನವಾಗಿ ಓಡಿದ.

ಫ್ಯಾಕ್ಟರಿಯ ಗೇಟು ಕಾಣುವ ದೂರದಲ್ಲಿ ಮೂರನೆಯವನು ಮೀನಖಂಡ ಹಿಡಿದುಕೊಂಡು ರಸ್ತೆಯ ಮೇಲೆ ಕುಸಿದ. ಗಟ್ಟಿಮುಟ್ಟಾದ ಆಳು. "ಅಣ್ಣಾ, ಕಾಲು ಸೆಟಗೊಂಡದ, ಜರಾ ಜಗ್ಗು" ಎಂದು ಕೈ ಚಾಚಿದ. ಅಣವೀರ ಅವನ ಮುಖ ನೋಡಿದ, ಅವನೂ ಅಣವೀರನ ಮುಖ ನೋಡಿದ. ಒಂದು ಗಳಿಗೆ ಕೂತು ಅವನ ಕಾಲು ಎಳೆದಿದ್ದರೆ ಸಾಕಾಗಿತ್ತು. ಹಿಂದಿನವರು ನಾಲ್ಕು ಮಂದಿ ದಾಟಿ ಹೋಗುತ್ತಿದ್ದರು, ಬಿದ್ದವನಿಗೆ ಉಪಕಾರವಾಗುತ್ತಿತ್ತು, ಪೀರಪ್ಪ ಬದುಕುತ್ತಿದ್ದ. ದೇವರು ಇದಕ್ಕಿಂತ ಸುಲಭ ಮಾಡಿ ಕೊಡುವುದಾದರೂ ಹೇಗೆ? ಇದೆಲ್ಲ ಅಣವೀರನಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಪೀರಪ್ಪನ ಮುಖವೂ ಕಣ್ಣಮುಂದೆ ಬಂತು. ಆದರೆ ಎದುರಿಗೆ ಇಬ್ಬರ ಬೆನ್ನು ಕಾಣುತ್ತಿದ್ದವು. ಜನ್ಮದಲ್ಲಿ ಮೊದಲ ಸಲ ಅವು ಸಣ್ಣದಾಗುತ್ತಿರಲಿಲ್ಲ, ದೊಡ್ಡದಾಗುತ್ತಿದ್ದವು. ಅವನು ಬಿದ್ದವನನ್ನು ಬಳಸಿಕೊಂಡು ಮುಂದೆ ಹೋದ.

ಮೂರನೆಯವನಾಗಿ ಗೆರೆ ದಾಟಿದ. ಮೈಕು ಒದರಿತು: "ಮೂರನೇ ಸ್ಥಾನ, ಲೋಡಿಂಗ್ ವಿಭಾಗದ ಪೀರಪ್ಪ! ಪೀರಪ್ಪನವರು ವೇದಿಕೆ ಕಡೆ ಬರ್ರಿ!"

ಆ ಹೆಸರು ಕಿವಿಗೆ ಬಿದ್ದಾಗಲೇ ಅವನಿಗೆ ಎಚ್ಚರವಾದದ್ದು. ಇಷ್ಟು ಹೊತ್ತು ಓಡಿದ್ದು ತಾನಲ್ಲ, ಗೆದ್ದದ್ದೂ ತಾನಲ್ಲ. ಅವನು ನೀರಿನ ಟಾಕಿಯ ಹಿಂದೆ ನುಸುಳಿ, ಅಡ್ಡದಾರಿ ಹಿಡಿದು, ಹೊಲದ ಬದುಗುಂಟ ನೇರವಾಗಿ ಪೀರಪ್ಪನ ಮನೆಗೆ ಬಂದ. ಬೇರೆಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.

ಪೀರಪ್ಪ ಮಂಚದ ಮೇಲೆ ಗೋಡೆಗೆ ಒರಗಿದ್ದ. ಅವನ ಹೆಂಡತಿ ಚಂದಮ್ಮ ಒಲೆಯ ಮುಂದಿದ್ದಳು.

"ಬಂದೇನು? ಗದ್ದಲ ಹೋಗಾದು ಇಲ್ಲಿತನಕ ಕೇಳಿಸ್ತು" ಎಂದ ಪೀರಪ್ಪ. "ಎಷ್ಟನೇದವ ಆದಿ?"

"ಮೂರನೇದವ."

ಪೀರಪ್ಪ ನಗುವುದಕ್ಕೆ ಬಾಯಿ ತೆರೆದ. ಚೇಷ್ಟೆ ಎಂದುಕೊಂಡಿದ್ದ. ಅಣವೀರನ ಮುಖ ನೋಡಿ ಬಾಯಿ ಹಾಗೆಯೇ ನಿಂತಿತು. ಚಂದಮ್ಮ ಒಲೆಯಿಂದ ಎದ್ದು ಬಂದಳು. ರೊಟ್ಟಿ ಹಂಚಿನ ಮೇಲೇ ಉಳಿಯಿತು.

"ಖರೇ ಏನೋ? ನನ್ನ ಹೆಸರು ಮೈಕಿನ್ಯಾಗ ಒದರಿದ್ರಾ?" ಪೀರಪ್ಪನ ಧ್ವನಿಯಲ್ಲಿ ಹೆದರಿಕೆಯ ಜೊತೆಗೆ ಸಣ್ಣದೊಂದು ಹಿಗ್ಗೂ ಇತ್ತು. ಅದು ಅಣವೀರನಿಗೆ ಕೇಳಿಸಿತು.

"ಒದರಿದ್ರು. ನಾ ಯಾರಿಗೂ ಕಾಣಲ್ದಂಗ ಓಡಿ ಬಂದೀನಿ. ಯಾರೂ ನೋಡಿಲ್ಲ."

ಅವನು ಹಾಗೆ ಹೇಳುತ್ತಿರುವಾಗಲೇ ಓಣಿಯಲ್ಲಿ ಜೀಪು ನಿಂತ ಸದ್ದಾಯಿತು. ಮೂರನೆಯವನೆಲ್ಲಿ ಎಂದು ವೇದಿಕೆಯವರು ಹುಡುಕಾಡಿದಾಗ ಮೆಹತಾಬ್ ಗಾಬರಿಯಲ್ಲಿ, ಅವನಿಗೆ ವಾಂತಿಯಾಯಿತು, ಮನೆಗೆ ಹೋದ ಎಂದುಬಿಟ್ಟಿದ್ದ. ಸುರಕ್ಷತಾ ವಿಭಾಗದ ಆಫೀಸರು ರಮೇಶಕುಮಾರ ಒಳ್ಳೆಯ ಹುಡುಗ. ಒಂದು ದಿನವೂ ರಜೆ ಮಾಡದ ಹಮಾಲ, ಚಿಕ್ಕ ಚಿಕ್ಕ ಹುಡುಗರನ್ನು ಹಿಂದೆ ಹಾಕಿದವನು, ವಾಂತಿ ಮಾಡಿಕೊಂಡು ಒಬ್ಬನೇ ನಡೆದುಕೊಂಡು ಹೋದನಲ್ಲ ಎಂದು ಅವನ ಕರುಳು ಚುರ್ ಎಂದಿತು. ಪದಕ, ಹಾರ, ಗ್ಲೂಕೋಸಿನ ಪಾಕೀಟು ಹಿಡಿದು, ಮೆಹತಾಬ್‌ನನ್ನೂ ಕೂರಿಸಿಕೊಂಡು ತಾನೇ ಹುಡುಕಿಕೊಂಡು ಬಂದ. ಕೆಟ್ಟವನಾಗಿದ್ದರೆ ಬರುತ್ತಿರಲಿಲ್ಲ.

ಚಂದಮ್ಮ ಕಿಟಕಿಯಿಂದ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಮೂವರಲ್ಲಿ ಬುದ್ಧಿ ಓಡಿದ್ದು ರೋಗಿಯದೇ. "ಬನಿಯನ್ನು ಬಿಚ್ಚು" ಎಂದ ಪೀರಪ್ಪ. "ಜಲ್ದಿ! ಬಿಚ್ಚಿ ನನಗ ಕೊಡು, ನೀ ಒಳಗ ಹೋಗು."

ಅಣವೀರನ ಬೆವರಿನಿಂದ ಒದ್ದೆಯಾಗಿದ್ದ ಹಳದಿ ಬನಿಯನ್ನನ್ನು ಚಂದಮ್ಮ ಗಂಡನ ತಲೆಯ ಮೇಲಿಂದ ಎಳೆದಳು. ನೀರು ತುಂಬಿ ಉಬ್ಬಿದ ಹೊಟ್ಟೆಯ ಮೇಲೆ ಅದು ಇಳಿಯಲೊಲ್ಲದು. ಜಗ್ಗಿ ಇಳಿಸಿದಳು. ಸೂಜಿ ಚುಚ್ಚಿ ಚುಚ್ಚಿ ಗಂಟುಗಂಟಾಗಿದ್ದ ಎಡಗೈಯನ್ನೂ ಹೊಟ್ಟೆಯನ್ನೂ ಮುಚ್ಚುವ ಹಾಗೆ ಟವೆಲ್ಲು ಹಾಕಿದಳು. ಅಣವೀರ ಒಳಕೋಣೆಯಲ್ಲಿ ಜೋಳದ ಚೀಲಗಳ ಹಿಂದೆ ಬರಿ ಮೈಯಲ್ಲಿ ಕೂತ. ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತಿತ್ತು.

"ಪೀರಪ್ಪ ಅಂದ್ರ ನೀವೇ ಏನ್ರಿ? ಏಳಬ್ಯಾಡ್ರಿ, ಕುಂದ್ರಿ ಕುಂದ್ರಿ" ಎಂದ ರಮೇಶಕುಮಾರ. "ಏನ್ ಓಡಿದ್ರಿ ಯಜಮಾನ್ರ! ಈಗ ಹೆಂಗ ಅನಸ್ತದ?"

"ನಾನೇ ರೀ ಸಾಹೇಬ್ರ" ಎಂದ ಪೀರಪ್ಪ. ಏದುಸಿರು ಬಿಡುತ್ತಿದ್ದ. ಓಡಿ ಬಂದವನ ಏದುಸಿರಿಗೂ ಅದಕ್ಕೂ ವ್ಯತ್ಯಾಸ ಯಾರಿಗೆ ತಿಳಿಯಬೇಕು? "ಜರಾ ತ್ರಾಸ ಆಯ್ತು. ಈಗ ಆರಾಮ ಅದೀನ್ರಿ."

ರಮೇಶಕುಮಾರ ಫೋಟೋ ತೆಗೆಯಬೇಕೆಂದ. ಬೇಡವೆಂದರೆ ಅನುಮಾನ ಬರುತ್ತದೆಂದು ಪೀರಪ್ಪ ಮಂಚದಿಂದ ಎದ್ದು ನಿಂತ. ತಿಂಗಳುಗಳಿಂದ ಯಾರ ಆಸರೆಯೂ ಇಲ್ಲದೆ ನಿಂತವನಲ್ಲ. ಮೆಹತಾಬ್ ಅಭಿಮಾನದಿಂದೆಂಬಂತೆ ಅವನ ಸೊಂಟ ಬಳಸಿ ಹಿಡಿದ. ಕೊರಳಿಗೆ ಹಾರ ಬಿತ್ತು, ಪದಕ ಬಿತ್ತು. ಪೀರಪ್ಪ ನಕ್ಕ. ಆ ನಗು ಎಲ್ಲಿಂದ ತಂದನೋ! ಅಣವೀರ ಕತ್ತಲಲ್ಲಿ ತನ್ನ ಬಾಯಿಗೆ ತಾನೇ ಕೈ ಅಡ್ಡ ಇಟ್ಟುಕೊಂಡು ಅತ್ತ.

ಜೀಪು ಹೋಯಿತು. ಉಳಿದೆವು ಎಂದುಕೊಂಡರು. ಚಂದಮ್ಮ ದೇವರ ಮುಂದೆ ದೀಪ ಹಚ್ಚಿದಳು.

ಫೋಟೋ ಸಂಜೆಯೊಳಗೆ ಫ್ಯಾಕ್ಟರಿಯವರೆಲ್ಲರ ಮೊಬೈಲಿಗೆ ಬಂತು. ಖಣಿಯ ಕಡೆಯ ಗೇಟಿನಲ್ಲಿ ಕಾವಲಿಗಿದ್ದ ಕಾಶಪ್ಪನೂ ನೋಡಿದ. ಮೀನಖಂಡ ಸೆಟೆದು ರಸ್ತೆಯ ಮೇಲೆ ಬಿದ್ದವನು ಅವನೇ. ಸುಮ್ಮನೆ ದಾಟಿ ಹೋದವನಾಗಿದ್ದರೆ ಮುಖ ಮರೆತುಹೋಗುತ್ತಿತ್ತು. ಕೈ ಚಾಚಿದಾಗ ನೋಡಿಯೂ ನೋಡದ ಹಾಗೆ ಹೋದವನ ಮುಖವನ್ನು ಯಾರು ಮರೆಯುತ್ತಾರೆ? "ಇವ ಅಲ್ಲ ಅವ" ಎಂದು ಅವನು ಫೋಟೋದ ಕೆಳಗೆ ಬರೆದ. ಅದರಲ್ಲಿ ದ್ವೇಷವೇನೂ ಇರಲಿಲ್ಲ. ತನ್ನ ಜಾಗ ಹೋದ ಸಿಟ್ಟು ಸ್ವಲ್ಪ ಇತ್ತು, ಅದು ನ್ಯಾಯವೇ.

ಮುಂದಿನದೆಲ್ಲ ಸರಸರ ನಡೆಯಿತು. ಗೇಟಿನ ಕ್ಯಾಮೆರಾ ನೋಡಿದರು, ಟವೆಲ್ಲು ಸುತ್ತಿದ ಮುಖಗಳನ್ನು ಒಂದೊಂದಾಗಿ ಬಿಚ್ಚಿಸಿದರು. ಮೆಹತಾಬ್‌ನ ಕೆಲಸ ಹೋಯಿತು. ಅಣವೀರನೂ ಸೇರಿ ಟೋಳಿಯವರು ಗುತ್ತೇದಾರನ ಕಾಲು ಹಿಡಿದು ತಮ್ಮ ಪಾಸು ಉಳಿಸಿಕೊಂಡರು. ಪೀರಪ್ಪನ ಪಾಸು ನಿಂತಿತು, ಅದರ ಹಿಂದೆ ಕಾರ್ಡೂ ನಿಂತಿತು. ಕಲಬುರಗಿಯ ದವಾಖಾನೆಯ ಕಿಟಕಿಯಲ್ಲಿದ್ದ ಹುಡುಗಿ ಕಾರ್ಡನ್ನು ಎರಡು ಸಲ ಮಷೀನಿಗೆ ಉಜ್ಜಿ, "ನಡೆಯಾಕತ್ತಿಲ್ರಿ ಇದು" ಎಂದು ವಾಪಸು ಕೊಟ್ಟಳು. ರಮೇಶಕುಮಾರ ಯಾರ ಯಾರನ್ನೋ ಕೇಳಿಕೊಂಡನಂತೆ, ಏನೂ ಆಗಲಿಲ್ಲವಂತೆ.

ಉಳಿದದ್ದು ಸರಕಾರಿ ದವಾಖಾನೆ. ಅಲ್ಲಿ ಪುಕ್ಕಟೆ, ಆದರೆ ಇದ್ದವು ಎರಡೇ ಮಷೀನು, ಕಾಯುವವರು ಸುತ್ತಲಿನ ಊರಿಗೂರೇ. ವಾರಕ್ಕೊಮ್ಮೆ ಪಾಳಿ ಸಿಕ್ಕರೆ ಪುಣ್ಯ. ಬೇಸಿಗೆ ಏರಿದ ಹಾಗೆ ಪೀರಪ್ಪನ ಮೈ ಏರಿತು. ಮೊದಲು ಪಾದ, ಆಮೇಲೆ ತೊಡೆ, ಆಮೇಲೆ ಮುಖ. ಕಲ್ಲು ಕಾದು ಸಿಡಿಯುವ ಮೇ ತಿಂಗಳಲ್ಲಿ ಅವನಿಗೆ ನೀರು ಕುಡಿಯುವಂತಿಲ್ಲ. ಕುಡಿದರೆ ಅದು ಎದೆಗೇ ಏರುತ್ತದೆ. ಚಂದಮ್ಮ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದಳು. ಪ್ರತಿ ಸಲ ಅವನನ್ನು ಹೊತ್ತು ಆಟೋಕ್ಕೆ ಹಾಕಿ, ದವಾಖಾನೆಯಲ್ಲಿ ಇಳಿಸಿ, ಪಾಳಿ ಕಾಯುತ್ತ ಕೂರುತ್ತಿದ್ದವನು ಅಣವೀರ. ಓಡುವುದನ್ನು ಬಿಟ್ಟಿದ್ದ. ಟೋಳಿಯವರು ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಚಹಾ ಕುಡಿಯುವಾಗ ಮಾತ್ರ ಅವನನ್ನು ಕರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಾಯುವವರೆಲ್ಲ ಹೊರಗೆ ಮರದ ನೆರಳಿಗೆ ಹೋಗಿದ್ದರು, ದವಾಖಾನೆಯ ವರಾಂಡದಲ್ಲಿ ಇಬ್ಬರೇ ಉಳಿದಿದ್ದರು. ಚಂದಮ್ಮ ಔಷಧಿ ತರಲು ಹೊರಗೆ ಹೋಗಿದ್ದಳು. ಪೀರಪ್ಪ ಬೆಂಚಿನ ಮೇಲೆ ಗೋಡೆಗೆ ಒರಗಿ, ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಂಡು ಕೂತಿದ್ದ. ಹಾಗೆಯೇ ಮಾತಾಡಿದ.

"ತಮ್ಮಾ, ಟೋಳಿಯವ್ರು ಏನರ ಅನ್ನಲಿ, ನೀ ಮನಸ್ಸಿಗಿ ಹಚ್ಕೋಬ್ಯಾಡ. ನಾ ಬಲ್ಲೆ. ಆವತ್ತು ನಿನ್ನ ಕಾಲು ನಿನ್ನ ಮಾತು ಕೇಳಲಿಲ್ಲ. ನಿನ್ನ ಕೈಯಾಗ ಇರಲಿಲ್ಲ ಅದು. ಯಾರು ಏನ್ ಮಾಡಾಕ ಆಗ್ತದ?"

ಹೌದಣ್ಣ ಎಂದರೆ ಮುಗಿದುಹೋಗುತ್ತಿತ್ತು. ಅಣವೀರ ಹಾಗೆ ಹೇಳಲು ಬಾಯಿ ತೆರೆದ. ತಿಂಗಳುಗಟ್ಟಲೆ ಒಳಗೆ ಕುದಿದದ್ದು ಬೇರೆಯೇ ಆಗಿ ಹೊರಗೆ ಬಂತು.

"ಇತ್ತಣ್ಣಾ. ನನ್ನ ಕೈಯಾಗ ಇತ್ತು. ಆ ಕಾಶಪ್ಪ ಬಿದ್ದಾಗ ನಿಂದ್ರಬಹುದಿತ್ತು. ನಿಂತ್ರ ನೀ ಉಳೀತಿ ಅಂತ ಗೊತ್ತಿತ್ತು. ನಿನ್ನ ಮಾರಿ ಸುದ್ಧಾ ಕಣ್ಣ ಮುಂದ ಬಂದಿತ್ತು. ಆದ್ರೂ ಓಡಿದ್ನಿ."

ಪೀರಪ್ಪ ತುಟಿಯ ಮೇಲಿನ ಬಟ್ಟೆಯನ್ನು ಕೆಳಗೆ ಇಳಿಸಿದ. ಅಣವೀರನನ್ನೇ ನೋಡಿದ. ಬಾತ ಕಣ್ಣುರೆಪ್ಪೆಗಳ ನಡುವೆ ಅವನ ಕಣ್ಣು ಸಣ್ಣಗೆ ಕಾಣುತ್ತಿದ್ದವು.

"ಇದನ್ನ ನನಗ್ಯಾಕ ಹೇಳ್ದಿ?" ಎಂದ. "ಅದೊಂದು ಮಾತು ನಂಬ್ಕೊಂಡು ದಿನಾ ಕಣ್ಣು ಮುಚ್ಚತಿದ್ನೆಲ್ಲೋ ನಾ."

ಒಳಗಿನಿಂದ ನರ್ಸು ಪೀರಪ್ಪನ ಹೆಸರು ಹಿಡಿದು ಕೂಗಿದಳು. ಪೀರಪ್ಪ ವರಾಂಡದ ಆ ಕೊನೆಯಿಂದ ಈ ಕೊನೆಯವರೆಗೆ ಕಣ್ಣು ಹಾಯಿಸಿದ. ಚಂದಮ್ಮ ಇನ್ನೂ ಬಂದಿರಲಿಲ್ಲ, ಬೇರೆ ಯಾರೂ ಇರಲಿಲ್ಲ. ನರ್ಸು ಮತ್ತೊಮ್ಮೆ ಕೂಗಿದಳು. ತಡ ಮಾಡಿದರೆ ಪಾಳಿ ಹಿಂದಿನವರಿಗೆ ಹೋಗುತ್ತದೆ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿ, ಉಬ್ಬಿದ ತೋಳನ್ನು ಅಣವೀರನ ಕೊರಳಿಗೆ ಹಾಕಿದ. ಅಣವೀರ ಅವನನ್ನು ಎತ್ತಿ ನಿಲ್ಲಿಸಿ ಒಳಗೆ ನಡೆಸಿಕೊಂಡು ಹೋದ.